ಮುಷ್ಟಿಮಲ್ಲ ಜೋ ಲೂಯಿಸನ ಜಮಾಖರ್ಚು

ಗಳಿಸಿದ ಕೀರ್ತಿಯನ್ನು ಕಾಯುವುದು ಕಷ್ಟ. ಅದರೊಡನೆ ಬಂದ ಹಣವನ್ನು ಕಾಯುವುದು ಇನ್ನೂ ಕಷ್ಟ. ಅಮೇರಿಕೆಯ ಮುಷ್ಟಿಮಲ್ಲ ಜೋ ಲೂಯಿಸನ ಜೀವನವನ್ನು ನೋಡಿದರೆ ಈ ಮಾತು ನಮಗೆ ಮನವರಿಕೆಯಾಗುವುದು.

ಲೂಯಿಸನು 1914ನೆಯ ಇಸವಿಯಲ್ಲಿ ಅಲಬಾಮಾ ಪ್ರಾಂತದ ಬಡ ಕರಿಯ ರೈತನೊಬ್ಬನ ಮನೆಯಲ್ಲಿ ಹುಟ್ಟಿದನು. 1926ರಲ್ಲಿ ಕುಟುಂಬವು ಡೆಟ್ರಾಯಿಟ್ ನಗರಕ್ಕೆ ವಲಸೆ ಹೋಯಿತು. ಪಿಟೀಲು ಕಲಿಯಲೆಂದು ತಾಯಿ ಕೊಟ್ಟ ಹಣವನ್ನು ಬಾಲಕನು ಗರಡಿಗೆ ತೆತ್ತನೆಂದು ಹೇಳುವರು. 1934ರಲ್ಲಿ ಮುಷ್ಟಿಯುದ್ಧವೇ ಅವನ ವೃತ್ತಿಯಾಯಿತು. ಕೈಯಲ್ಲಿ ಹಣವಾಡಿದೊಡನೆ ಅವನು, ಕಷ್ಟಕಾಲದಲ್ಲಿ ಮನೆಯವರು ಪಡೆದಿದ್ದ ಸಾರ್ವಜನಿಕ ಸಹಾಯಧನವನ್ನು ಹಿಂದಿರುಗಿಸಿದನು.

1936ರಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗನು ಅವನನ್ನು ಹನ್ನೆರಡನೆಯ ಸುತ್ತಿನಲ್ಲಿ ಕೆಡವಿದನು. ಮರುವರ್ಷ ಲೂಯಿಸನು ಬ್ರಾಡಕನನ್ನು ಸೋಲಿಸಿ ಜಗಜಟ್ಟಿಯಾದರೂ, ಷ್ಮೆಲಿಂಗನನ್ನು ಗೆಲ್ಲುವವರೆಗೆ ಆ ಬಿರುದು ಅವನಿಗೆ ರುಚಿಸಲಿಲ್ಲ. 1938ರ ಜೂನ್ 22ರಂದು ನ್ಯೂಯಾರ್ಕಿನಲ್ಲಿ ಇಬ್ಬರೂ ಮತ್ತೆ ಎದುರಾದರು. ನಾಜಿಗಳು ಷ್ಮೆಲಿಂಗನನ್ನು ತಮ್ಮ ಜನಾಂಗದ ಹಿರಿಮೆಗೆ ಸಾಕ್ಷಿಯೆಂದು ಮೆರೆಯಿಸುತ್ತಿದ್ದರು. ಕಾಳಗವು 124 ಸೆಕೆಂಡುಗಳಲ್ಲಿ ಮುಗಿಯಿತು, ಗೆದ್ದವನು ಲೂಯಿಸನು. ಅಮೇರಿಕೆಯ ಕರಿಯರ ಕೇರಿಕೇರಿಗಳಲ್ಲಿ ಹಬ್ಬವಾಯಿತು.

ಒಟ್ಟು 25 ಸಲ ಅವನು ತನ್ನ ಪಟ್ಟವನ್ನು ಉಳಿಸಿಕೊಂಡನು. 1942ರಲ್ಲಿ ಎರಡು ಕಾಳಗಗಳ ಸಂಭಾವನೆಯನ್ನು ನೌಕಾಪಡೆಯ ಮತ್ತು ಭೂಸೈನ್ಯದ ಪರಿಹಾರ ನಿಧಿಗಳಿಗೆ ಒಪ್ಪಿಸಿ, ತಾನೂ ಸೈನ್ಯವನ್ನು ಸೇರಿದನು. ಆದರೆ ಅವನ ಕೊಡುಗೈಗೆ ಮಿತಿಯಿರಲಿಲ್ಲ, ಲೆಕ್ಕವನ್ನಿಡುವ ಅಭ್ಯಾಸವೂ ಇರಲಿಲ್ಲ. 1949ರಲ್ಲಿ ನಿವೃತ್ತನಾದವನು, ಬಾಕಿ ಬಿದ್ದ ವರಮಾನ ತೆರಿಗೆಯ ಹೊರೆಯಿಂದ ಮರುವರ್ಷವೇ ಮತ್ತೆ ಕಣಕ್ಕಿಳಿಯಬೇಕಾಯಿತು. ಎಜರ್ಡ್ ಚಾರ್ಲ್ಸನಿಗೆ ಸೋತನು; 1951ರಲ್ಲಿ, ತನ್ನ 37ನೆಯ ವಯಸ್ಸಿನಲ್ಲಿ, ರಾಕಿ ಮಾರ್ಸಿಯಾನೋ ಎಂಬ ತರುಣನ ಪೆಟ್ಟಿಗೆ ಉರುಳಿದನು. ಮುಂದೆ ಕುಸ್ತಿಯಾಡಿದನು, ಕಡೆಗಾಲದಲ್ಲಿ ಲಾಸ್ ವೇಗಾಸಿನ ಜೂಜುಮಂದಿರವೊಂದರಲ್ಲಿ ಅತಿಥಿಗಳನ್ನು ಸ್ವಾಗತಿಸುವ ಕೆಲಸದಲ್ಲಿದ್ದನು.

ಆ ದಿನಗಳಲ್ಲಿ ನೆರವಿಗೆ ಬಂದವರಲ್ಲಿ ಹಳೆಯ ವೈರಿ ಷ್ಮೆಲಿಂಗನೂ ಒಬ್ಬನು! ಇವನೆಂದೂ ನಾಜಿ ಪಕ್ಷವನ್ನು ಸೇರಿದವನಲ್ಲ. ಯುದ್ಧಾನಂತರ ಲೂಯಿಸನನ್ನು ಹುಡುಕಿಕೊಂಡು ಬಂದು ಸ್ನೇಹ ಬೆಳೆಸಿದ್ದನು. 1981ರಲ್ಲಿ ಲೂಯಿಸನು ತೀರಿಕೊಂಡಾಗ ಅಂತ್ಯಕ್ರಿಯೆಯ ವೆಚ್ಚಕ್ಕೂ ಕೈಗೂಡಿಸಿದನು. ವೀರಯೋಧರ ಆರ್ಲಿಂಗ್ಟನ್ ಶ್ಮಶಾನದಲ್ಲಿ ಲೂಯಿಸನ ಸಮಾಧಿಯಿದೆ.

ಗೃಹಸ್ಥರಾದ ನಾವು ಅವನ ಔದಾರ್ಯವನ್ನು ಹಳಿಯಲಾರೆವು. ಕೊಡುವ ಕೈಗೆ ಬರೆದಿಡುವ ಕೈಯೂ ಜೊತೆಯಾಗಿದ್ದರೆ ಆ ಮುಪ್ಪು ಹಗುರಾಗುತ್ತಿತ್ತೆಂದು ಮಾತ್ರ ಮರುಗುವೆವು. ಆದರೂ ಸೋಲಿಸಿದವನ ಮನದಲ್ಲಿಯೇ, ಸೋತವನ ಮನದಲ್ಲಿಯೇ, ಹಗೆಯುಳಿಯಲಿಲ್ಲ; ಲೂಯಿಸನ ಜಮೆಯಲ್ಲಿ ಕೊನೆಗೂ ಕರಗದೆ ನಿಂತ ಗಳಿಕೆ ಅದೊಂದೇ.