ಹಾರ್ಮೋನಿಗೆ ಜಗ್ಗದ ರಕ್ತನಾಳಗಳು

ಯಕೃತ್ತಿನ ಮೃದು ಅಂಗಾಂಶ ನಾಶವಾಗಿ, ಆ ಜಾಗದಲ್ಲಿ ನಾರು ಬೆಳೆದು, ಇಡೀ ಅಂಗ ಗಂಟುಗಂಟಾಗಿ ಗಟ್ಟಿಯಾಗುವುದೇ ಸಿರೋಸಿಸ್. ಮದ್ಯ, ಹೆಪಟೈಟಿಸ್ ಬಿ ಮತ್ತು ಸಿ ವೈರಸ್, ಯಕೃತ್ತಿನಲ್ಲಿ ಕೂಡುವ ಕೊಬ್ಬು ಇದಕ್ಕೆ ಮುಖ್ಯ ಕಾರಣಗಳು. ಕಾಯಿಲೆ ಯಕೃತ್ತಿನದಾದರೂ ಅದರ ಪೆಟ್ಟು ಮೈಯೆಲ್ಲದರ ರಕ್ತನಾಳಗಳಿಗೂ ತಗಲುತ್ತದೆ.

ರಕ್ತದೊತ್ತಡ ಇಳಿದಾಗ ನಾರ್‌ಅಡ್ರಿನಲಿನ್, ಆಂಜಿಯೋಟೆನ್ಸಿನ್-2, ವ್ಯಾಸೊಪ್ರೆಸಿನ್ ಹಾರ್ಮೋನುಗಳು ರಕ್ತದಲ್ಲಿ ಹೆಚ್ಚುತ್ತವೆ. ಅಪಧಮನಿಯ ಸ್ನಾಯುಕೋಶದ ಮೇಲಿರುವ ಗ್ರಾಹಕಗಳಿಗೆ ಅವು ಅಂಟಿಕೊಂಡರೆ ಕೋಶದೊಳಗೆ ಕ್ಯಾಲ್ಸಿಯಂ ಏರಿ, ಸ್ನಾಯು ಬಿಗಿದು, ನಾಳ ಕಿರಿದಾಗುತ್ತದೆ. ಸಿರೋಸಿಸ್ ಬಲಿತವರಲ್ಲಿ ಈ ಹಾರ್ಮೋನುಗಳಿಗೆ ಕೊರತೆಯಿಲ್ಲ, ಮಾಮೂಲಿಗಿಂತ ಹೆಚ್ಚೇ ಇರುತ್ತವೆ. ಆದರೂ ಕರುಳಿನ ಕಡೆಯ ಅಪಧಮನಿಗಳು ಸಡಿಲವಾಗಿಯೇ ಉಳಿಯುತ್ತವೆ. ರೋಗಿಯ ಕೈ ಬೆಚ್ಚಗಿರುತ್ತದೆ, ನಾಡಿ ಜೋರಾಗಿ ಬಡಿಯುತ್ತದೆ, ರಕ್ತದೊತ್ತಡ ಮಾತ್ರ ಕಡಿಮೆ. ಇಂಥವರ ಹೃದಯ ಹೆಚ್ಚು ರಕ್ತ ಹೊರಹಾಕುತ್ತದೆಂದು ಕೊವಾಲ್ಸ್ಕಿ ಮತ್ತು ಏಬಲ್‌ಮನ್ 1953ರಲ್ಲೇ ವರದಿ ಮಾಡಿದ್ದರು.

ಇದರ ಹಿಂದೆ ನೈಟ್ರಿಕ್ ಆಕ್ಸೈಡ್ ಇರಬಹುದೆಂದು ವ್ಯಾಲನ್ಸ್ ಮತ್ತು ಮೊಂಕಾಡಾ 1991ರಲ್ಲಿ ಸೂಚಿಸಿದರು. ಯಕೃತ್ತಿಗೆ ರಕ್ತ ತರುವ ಪೋರ್ಟಲ್ ಸಿರೆಯಲ್ಲಿ ಒತ್ತಡ ಏರುತ್ತದೆ. ಕರುಳಿನ ಗೋಡೆ ದಾಟಿ ಬ್ಯಾಕ್ಟೀರಿಯಾದ ಅಂಶಗಳು ರಕ್ತಕ್ಕೆ ನುಸುಳುತ್ತವೆ. ಎರಡೂ ಸೇರಿ ನಾಳಗಳ ಒಳಪದರದಿಂದ ಈ ಅನಿಲವನ್ನು ಅತಿಯಾಗಿ ಹೊರಡಿಸುತ್ತವೆ. ಅದು ಸ್ನಾಯುಕೋಶದ ಕ್ಯಾಲ್ಸಿಯಂ ಇಳಿಸಿ ಬಿಗಿತ ತಪ್ಪಿಸುತ್ತದೆ. ಗ್ರಾಹಕದ ಬಳಿಯೂ ತೊಡಕಿದೆ: ಬೀಟಾ-ಅರೆಸ್ಟಿನ್-2 ಎಂಬ ಪ್ರೋಟೀನು ಆಂಜಿಯೋಟೆನ್ಸಿನ್ ಗ್ರಾಹಕಕ್ಕೆ ಅಂಟಿಕೊಂಡು, ಸಂಕೇತ ಒಳಗೆ ಹೋಗದಂತೆ ತಡೆಯುತ್ತದೆ.

ವಿಚಿತ್ರವೆಂದರೆ, ಯಕೃತ್ತಿನ ಒಳಗೆ ನಡೆಯುವುದು ತೀರಾ ಉಲ್ಟಾ. ಅಲ್ಲಿನ ಸೂಕ್ಷ್ಮ ರಕ್ತನಾಳಗಳಲ್ಲಿ ನೈಟ್ರಿಕ್ ಆಕ್ಸೈಡ್‌ಗೇ ಬರ. ಆ ನಾಳಗಳನ್ನು ಸುತ್ತುವರಿದ ಸ್ಟೆಲೇಟ್ ಕೋಶಗಳು ಎಂಡೋಥೀಲಿನ್, ಆಂಜಿಯೋಟೆನ್ಸಿನ್ ತಾಕಿದರೆ ಸಾಕು, ವಿಪರೀತ ಸಂಕುಚಿಸುತ್ತವೆ. ನಾರಿನಿಂದ ಮೊದಲೇ ಇಕ್ಕಟ್ಟಾದ ದಾರಿ ಮತ್ತಷ್ಟು ಮುಚ್ಚುತ್ತದೆ. ಹೊರಗೆ ಸಡಿಲಾದ ನಾಳಗಳಿಂದ ರಕ್ತ ನುಗ್ಗುತ್ತದೆ, ಒಳಗೆ ಜಾಗವಿಲ್ಲ. ಯಕೃತ್ತಿಗೆ ಹೋಗುವ ಮತ್ತು ಅಲ್ಲಿಂದ ಹೊರಡುವ ಸಿರೆಗಳ ನಡುವಿನ ಒತ್ತಡದ ಅಂತರ ಸಹಜವಾಗಿ 5 ಮಿ.ಮೀ. ಪಾದರಸವನ್ನು ಮೀರುವುದಿಲ್ಲ. ಅದು 10 ಮುಟ್ಟಿದರೆ ಅನ್ನನಾಳದ ಸಿರೆಗಳು ಉಬ್ಬುವ, ಹೊಟ್ಟೆಯಲ್ಲಿ ನೀರು ತುಂಬುವ ಅಪಾಯ ಹೆಚ್ಚುತ್ತದೆ.

ಮೂತ್ರಪಿಂಡದ ನಾಳಗಳು ಮಾತ್ರ ಈ ಹಾರ್ಮೋನುಗಳಿಗೆ ಮಣಿದು ಬಿಗಿಯುತ್ತವೆ. ಉಪ್ಪು, ನೀರು ಮೈಯಲ್ಲೇ ಉಳಿದು ಜಲೋದರ ಬೆಳೆಯುತ್ತದೆ. ಕೊನೆಗೆ ಮೂತ್ರಪಿಂಡವೇ ಸೋಲಬಹುದು. ಆಗ ಕೊಡುವ ಟೆರ್ಲಿಪ್ರೆಸಿನ್ ವ್ಯಾಸೊಪ್ರೆಸಿನ್‌ನ ಬದಲಿ ರೂಪ; ಅದು ಕರುಳಿನ ಸಡಿಲ ನಾಳಗಳನ್ನು ಬಿಗಿಗೊಳಿಸಿ ಮೂತ್ರಪಿಂಡಕ್ಕೆ ರಕ್ತ ಮರಳಿಸುತ್ತದೆ. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್ ಇದಕ್ಕೆ ವಿರುದ್ಧ: ಮೂತ್ರಪಿಂಡದ ನಾಳಗಳನ್ನು ತೆರೆದಿಡುವ ಪ್ರೊಸ್ಟಗ್ಲ್ಯಾಂಡಿನ್‌ಗಳನ್ನೇ ಅದು ತಡೆಯುವುದರಿಂದ, ಜಲೋದರ ಇರುವವರಿಗೆ ವೈದ್ಯರು ಆ ಮಾತ್ರೆ ಬೇಡವೆನ್ನುತ್ತಾರೆ.