ಬೆಳಕೂ ಒಂದು ಚಾರಿತ್ರಿಕ ಆಧಾರ

ಚರಿತ್ರೆಯ ಆಧಾರಗಳಾವುವೆಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಶಾಸನ, ನಾಣ್ಯ, ಕಟ್ಟಡ, ಕಡತ, ಕಾವ್ಯ ಎಂದು ಒಂದೊಂದಾಗಿ ಎಣಿಸಿ ಹೇಳಬಲ್ಲರು. ಇವೆಲ್ಲವನ್ನೂ ಕಣ್ಣಿಗೆ ಕಾಣಿಸುವ ಬೆಳಕನ್ನು ಮಾತ್ರ ಯಾರೂ ಆ ಪಟ್ಟಿಗೆ ಸೇರಿಸುವುದಿಲ್ಲ. ಬೆಳಕು ಸರ್ವಕಾಲಕ್ಕೂ ಒಂದೇ ಎಂದು ನಾವೆಲ್ಲರೂ ವಿಚಾರಿಸದೆಯೇ ನಂಬಿರುತ್ತೇವೆ. ಸೂರ್ಯನ ಬೆಳಕು ಅಂದಿನದೇ ಇರಬಹುದು. ಆದರೆ ಅದು ಕಟ್ಟಡದೊಳಕ್ಕೆ ಎಷ್ಟು ಬರಬೇಕು, ಎಲ್ಲಿ ಬೀಳಬೇಕು ಎಂಬುದನ್ನು ಆಯಾ ಕಾಲದ ಜನರು ನಿರ್ಧರಿಸಿದರು. ಸೂರ್ಯಾಸ್ತದ ಬಳಿಕದ ಬೆಳಕಿಗಂತೂ ಬೆಲೆಯುಂಟು, ಒಡೆಯರುಂಟು, ಸರದಿಯುಂಟು. ಇಂದು ನಾವು ಗುಡಿಯನ್ನೋ ಮನೆಯನ್ನೋ ಬೀದಿಯನ್ನೋ ಯಾವ ಬೆಳಕಿನಲ್ಲಿ ನೋಡುತ್ತಿರುವೆವೋ ಅದು ಅವನ್ನು ಕಟ್ಟಿದವರ ಬೆಳಕಲ್ಲ. ಈ ಭೇದವನ್ನು ಮರೆತರೆ ನಮ್ಮ ನಿರ್ಣಯಗಳು ಹೇಗೆ ತಪ್ಪಬಹುದು, ನೆನೆದರೆ ಏನು ತಿಳಿದುಬರುತ್ತದೆ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಈ ವಿಷಯಕ್ಕೆ ನಮ್ಮ ಗಮನ ಹರಿದುದು ನಮ್ಮದೇ ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಒಂದು ಗ್ರಾಮಕ್ಕೆ ಹೋಗಿ, ಊರ ಹೊರಗಿನ ಕಲ್ಲೊಂದರ ಬರಹವನ್ನು ನಡುಹಗಲಿನಲ್ಲಿ ನಕಲು ಮಾಡಿಕೊಂಡೆವು. ಕೊನೆಯ ಸಾಲುಗಳು ಸ್ಪಷ್ಟವಾಗಲಿಲ್ಲವಾದುದರಿಂದ ‘ಮುಂದೆ ಸವೆದಿದೆ’ ಎಂದು ಬರೆದುಕೊಂಡು ಹಿಂದಿರುಗಿದೆವು. ಬಸ್ಸು ತಪ್ಪಿತು. ಸಂಜೆಯವರೆಗೆ ಕಾದು ಕುಳಿತಿದ್ದಾಗ ವಿದ್ಯಾರ್ಥಿನಿಯೊಬ್ಬರು ಸುಮ್ಮನೆ ಆ ಕಲ್ಲಿನ ಬಳಿಗೆ ಹೋಗಿ ನಮ್ಮನ್ನು ಕೂಗಿ ಕರೆದರು. ಇಳಿಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬಿದ್ದು, ಪ್ರತಿಯೊಂದು ಅಕ್ಷರದ ಅಂಚಿನಲ್ಲಿಯೂ ಎಳೆಯಷ್ಟು ನೆರಳು ನಿಂತಿತ್ತು. ಸವೆದಿದೆಯೆಂದು ನಾವು ಬರೆದುಕೊಂಡಿದ್ದ ಎರಡು ಸಾಲುಗಳಲ್ಲಿ ಗುಡಿಯ ಸೊಡರಿಗೆ ಎಣ್ಣೆ ಬಿಟ್ಟ ಸಂಗತಿ ಓದಲು ಬಂದಿತು. ನೆತ್ತಿಯ ಮೇಲಿನ ಸೂರ್ಯನು ತೋರದುದನ್ನು ದಿಗಂತದ ಸೂರ್ಯನು ತೋರಿದ್ದನು. ದೋಷ ಕಲ್ಲಿನದಲ್ಲ, ನಾವು ಆರಿಸಿಕೊಂಡ ಹೊತ್ತಿನದು. ಆ ನಕಲು ಹಾಗೆಯೇ ಅಚ್ಚಾಗಿದ್ದರೆ, ಮುಂದಿನವರು ನಮ್ಮ ‘ಸವೆದಿದೆ’ ಎಂಬ ಮಾತನ್ನೇ ಪ್ರಮಾಣವೆಂದು ಹಿಡಿಯುತ್ತಿದ್ದರು.

೧. ಗುಡಿ

ಸೊಡರಿಗೆ ಎಣ್ಣೆ ಬಿಟ್ಟ ದಾನಗಳು ಕರ್ನಾಟಕದ ಶಾಸನಗಳಲ್ಲಿ ಅಪರೂಪವಲ್ಲ. ‘ನಂದಾದೀವಿಗೆ’ ಎಂಬ ಮಾತು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಂದದ, ಎಂದರೆ ಆರಿಹೋಗದ ದೀವಿಗೆಯೆಂದು ಅದರ ಅರ್ಥ. ಅದಕ್ಕಾಗಿ ಭೂಮಿಯನ್ನು ಬಿಟ್ಟವರುಂಟು, ಗಾಣವನ್ನು ಬಿಟ್ಟವರುಂಟು, ಗಾಣವೊಂದಕ್ಕೆ ಇಷ್ಟು ಎಣ್ಣೆಯೆಂದು ಕಟ್ಟುಮಾಡಿದ ತೆಲ್ಲಿಗರೂ ಉಂಟು. ಇವನ್ನು ಧರ್ಮಶ್ರದ್ಧೆಯ ನಿದರ್ಶನಗಳೆಂದು ಮಾತ್ರ ಓದುವುದು ರೂಢಿಯಾಗಿದೆ. ಒಂದೇ ಒಂದು ದೀಪವನ್ನು ಇರುಳೆಲ್ಲ ಉರಿಸಬೇಕಾದರೆ ಶಾಶ್ವತವಾದ ಆದಾಯದ ಮೂಲವೊಂದನ್ನು ಮೀಸಲಿಡಬೇಕಾಗಿತ್ತೆಂಬ ಆರ್ಥಿಕ ಸಂಗತಿಯೂ ಅವುಗಳಲ್ಲಿ ಅಡಗಿದೆ. ದೇವರ ಎದುರಿನಲ್ಲಿಯೇ ಬೆಳಕು ಇಷ್ಟು ದುಬಾರಿಯಾಗಿದ್ದಿತೆಂದ ಮೇಲೆ ಸಾಮಾನ್ಯರ ಮನೆಯ ಇರುಳು ಹೇಗಿದ್ದಿತೆಂಬುದನ್ನು ಊಹಿಸಬಹುದು.

ಗುಡಿಯ ಹಗಲಿನ ಬೆಳಕಿಗೂ ಒಂದು ಚರಿತ್ರೆಯುಂಟೆಂಬುದಕ್ಕೆ ಬೇಲೂರಿನ ಚೆನ್ನಕೇಶವ ದೇವಾಲಯ ಉತ್ತಮ ನಿದರ್ಶನ. ವಿಷ್ಣುವರ್ಧನನು ೧೧೧೭ರಲ್ಲಿ ಇದನ್ನು ಪ್ರತಿಷ್ಠಾಪಿಸಿದಾಗ ನವರಂಗವು ತೆರೆದ ಮಂಟಪವಾಗಿದ್ದಿತು. ಕಂಬಗಳ ನಡುವಣ ಜಾಲಂಧ್ರಗಳನ್ನು ಇರಿಸಿದುದು ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಬಳಿಕ, ಇಮ್ಮಡಿ ವೀರಬಲ್ಲಾಳನ ಆಳಿಕೆಯಲ್ಲಿ. ಈ ಒಂದು ಮಾರ್ಪಾಡಿನಿಂದ ಒಳಗಿನ ಅನುಭವವೇ ಬೇರೆಯಾಯಿತೆಂದು ನಾವು ಭಾವಿಸುತ್ತೇವೆ. ತಿರುಗಣೆಯಲ್ಲಿ ಕಡೆದು ನಯಗೊಳಿಸಿದ ಬಳಪದ ಕಲ್ಲಿನ ಕಂಬಗಳೂ, ನಡುವಣ ಅಂಕಣದ ಭುವನೇಶ್ವರಿಯೂ ಸುತ್ತಲಿನಿಂದ ಧಾರಾಳವಾಗಿ ಬರುತ್ತಿದ್ದ ಬೆಳಕಿಗೆ ತಕ್ಕಂತೆ ಕೆತ್ತಲ್ಪಟ್ಟವು. ಜಾಲಂಧ್ರಗಳು ಬಂದ ಮೇಲೆ ಆ ಬೆಳಕು ಸೋಸಿ, ತುಣುಕು ತುಣುಕಾಗಿ ಬರತೊಡಗಿತು. ಇಂದಿನ ಯಾತ್ರಿಕನಾದರೋ ವಿದ್ಯುದ್ದೀಪದ ಕಿರಣದಲ್ಲಿ ಅದೇ ಭುವನೇಶ್ವರಿಯನ್ನು ನೋಡುತ್ತಾನೆ. ಶಿಲ್ಪಿ ಕೆತ್ತಿದುದು ಒಂದು ಬೆಳಕಿನಲ್ಲಿ. ತಲೆಮಾರುಗಳ ಭಕ್ತರು ಕಂಡುದು ಮತ್ತೊಂದರಲ್ಲಿ. ನಾವು ನೋಡುವುದು ಮೂರನೆಯದರಲ್ಲಿ. ಹೊಯ್ಸಳ ದೇವಾಲಯದ ಒಳಗಿನ ಮಬ್ಬನ್ನು ಶೈಲಿಯ ಮೂಲಲಕ್ಷಣವೆಂದೇ ವರ್ಣಿಸುವವರು, ಬೇಲೂರಿನ ಮಟ್ಟಿಗಾದರೂ ಅದು ಅನಂತರದ ಸೇರ್ಪಡೆಯ ಫಲವೆಂಬುದನ್ನು ನೆನಪಿನಲ್ಲಿಡಬೇಕು.

೨. ಮನೆ

ದೇವಾಲಯದ ಬೆಳಕಿಗೆ ಶಾಸನದ ಸಾಕ್ಷ್ಯವುಂಟು. ಮನೆಯ ಬೆಳಕಿಗೆ ಅದಿಲ್ಲ. ಅಲ್ಲಿ ಗೋಡೆಯನ್ನೇ ಓದಬೇಕು. ಹಳೆಯ ತೊಟ್ಟಿಯ ಮನೆಯ ನಡುವೆ ಆಕಾಶಕ್ಕೆ ತೆರೆದಿರುವ ಅಂಗಳವೇ ಆ ಮನೆಯ ದೊಡ್ಡ ದೀಪ. ಅದರ ಸುತ್ತಲಿನ ಪಡಸಾಲೆ ಬೆಳಗಿರುತ್ತದೆ. ಒಳಗಿನ ಕೋಣೆಗಳು ಅಂಗಳದಿಂದ ದೂರವಾದಷ್ಟೂ ಕಪ್ಪಾಗುತ್ತವೆ. ಬೀದಿಯ ಕಡೆಯ ಜಗಲಿಯಲ್ಲಿ ಗಂಡಸರು ಕುಳಿತು ಲೆಕ್ಕ ಬರೆಯುವರು, ವ್ಯವಹಾರ ತೀರಿಸುವರು. ಹಿಂಬದಿಯ ಅಡಿಗೆಮನೆಗೆ ಸೇರುವುದು ಸಣ್ಣದೊಂದು ಬೆಳಕಿಂಡಿ. ಅದೂ ಹೊಗೆಯ ಪಾಲು. ಹೀಗೆ ಬೆಳಕಿನ ಹಂಚಿಕೆಯು ಮನೆಯ ಅಧಿಕಾರದ ಹಂಚಿಕೆಯನ್ನು ಬಹುಮಟ್ಟಿಗೆ ಅನುಸರಿಸುತ್ತಿದ್ದಿತು. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ತರುವಾಯ ಹರಡಿದ ಮಂಗಳೂರು ಹೆಂಚಿನ ಮಾಡುಗಳಲ್ಲಿ, ನಡುವೆ ಒಂದೆರಡು ಗಾಜಿನ ಹೆಂಚುಗಳನ್ನು ಕೂಡಿಸುವ ಪದ್ಧತಿ ಬಂದಿತು. ನೋಡಲು ಅಲ್ಪವಾದ ಈ ಮಾರ್ಪಾಡು ಕತ್ತಲೆಯ ಕೋಣೆಗೆ ಹಗಲನ್ನು ಮೇಲಿನಿಂದಲೇ ಇಳಿಸಿತು.

ಇರುಳಿನ ಬೆಳಕಿನ ಗುರುತು ಗೋಡೆಯ ದೀಪದ ಗೂಡುಗಳಲ್ಲಿ ಉಳಿದಿದೆ. ಗೂಡಿನ ಮೇಲಂಚಿನ ಮಸಿ ಅಲ್ಲಿ ದೀಪವಿದ್ದುದಕ್ಕೆ ಸಾಕ್ಷಿ. ಗೂಡಿನ ಎತ್ತರ ಆ ಬೆಳಕಿನಲ್ಲಿ ಯಾರು ಹೇಗೆ ಕುಳಿತು ಏನು ಮಾಡುತ್ತಿದ್ದರೆಂಬುದಕ್ಕೆ ಸೂಚಕ. ನಾವು ನೋಡಿದ ಕೆಲವು ಅಡಿಗೆಮನೆಗಳಲ್ಲಿ ಗೂಡು ನೆಲದಿಂದ ಮೊಳದಷ್ಟು ಎತ್ತರದಲ್ಲಿ ಮಾತ್ರ ಇದ್ದಿತು. ನೆಲದ ಮೇಲೆ ಕುಳಿತು ಬೇಯಿಸುವ, ಬಡಿಸುವ ಕೈಗಳಿಗೆ ಬೇಕಾದ ಬೆಳಕು ಅದು. ಮುಖ ನೋಡುವ ಬೆಳಕಲ್ಲ. ಆ ಬಳಿಕ ಸೀಮೆಎಣ್ಣೆ ಬಂದಿತು. ಬುಡ್ಡಿಯೂ ಲಾಂದ್ರವೂ ಬಂದವು. ಗೂಡಿನಲ್ಲಿ ನೆಲೆನಿಂತಿದ್ದ ದೀಪ ಕೈಯಲ್ಲಿ ಹಿಡಿದು ನಡೆಯುವ ವಸ್ತುವಾಯಿತು.

ವಿದ್ಯುತ್ತು ಬಂದೊಡನೆ ಈ ತಾರತಮ್ಯ ಅಳಿಯಿತೆಂದು ಹೇಳುವಂತಿಲ್ಲ. ಬಡವರ ಮನೆಗೆ ಒಂದು ದೀಪವನ್ನು ಒದಗಿಸುವ ಭಾಗ್ಯಜ್ಯೋತಿ ಯೋಜನೆಯನ್ನು ಕರ್ನಾಟಕ ಸರಕಾರ ೧೯೭೦ರ ದಶಕದ ಕೊನೆಯಲ್ಲಿ ಕೈಗೊಂಡಿತು. ದೀಪ ಒಂದೇ ಆದಾಗ ಅದನ್ನು ಎಲ್ಲಿ ತೂಗುಹಾಕುವುದು? ಕೆಲವರು ನಡುಗೋಡೆಯಲ್ಲಿ ಕಿಂಡಿ ಕೊರೆದು, ಬಲ್ಬು ಎರಡೂ ಕಡೆ ಕಾಣುವಂತೆ ಇರಿಸಿದರು. ಕೆಲವರು ಹೊರಗಿನ ಕೋಣೆಯಲ್ಲಿಯೇ ಹಾಕಿದರು. ವೃದ್ಧೆಯೊಬ್ಬರು ನಮಗೆ ಹೇಳಿದಂತೆ, ಮನೆಗೆ ಕರೆಂಟು ಬಂದ ಮೇಲೂ ಅವರು ಬಹುಕಾಲ ಬುಡ್ಡಿಯ ಬೆಳಕಿನಲ್ಲಿಯೇ ಅಡಿಗೆ ಮಾಡಿದರು; ಅಕ್ಕಿಯ ಕಲ್ಲು ರಾತ್ರಿ ಕಾಣದಾದುದರಿಂದ ನಾಳೆಯ ಅಕ್ಕಿಯನ್ನು ಇಂದೇ ಹಗಲಿನಲ್ಲಿ ಆರಿಸಿಡುತ್ತಿದ್ದರು. ಗ್ರಾಮಕ್ಕೆ ವಿದ್ಯುತ್ತು ಬಂದ ವರ್ಷವನ್ನು ಸರಕಾರದ ಕಡತ ಹೇಳುತ್ತದೆ. ಅಡಿಗೆಮನೆಗೆ ಅದು ಬಂದ ವರ್ಷವನ್ನು ಹೇಳಬಲ್ಲವರು ಇಂತಹವರು ಮಾತ್ರ.

೩. ಬೀದಿ

ಮನೆಯೊಳಗೆ ಕಂಡ ಸರದಿಯೇ ನಾಡಿನಲ್ಲಿಯೂ ಕಂಡುಬರುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೊದಲುಗೊಂಡ ಶಿವನಸಮುದ್ರದ ಯೋಜನೆ ೧೯೦೨ರಲ್ಲಿ ಫಲಿಸಿತು. ಆ ಶಕ್ತಿ ಮೊದಲು ಹೋದುದು ಯಾವ ಬೀದಿಗೂ ಅಲ್ಲ; ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನಲ್ಲಿ ವಿದ್ಯುದ್ದೀಪ ಬೆಳಗಿದುದು ಮೂರು ವರ್ಷಗಳ ಬಳಿಕ, ೧೯೦೫ರ ಆಗಸ್ಟಿನಲ್ಲಿ. ತಂತಿ ಹಾದುಹೋದ ದಾರಿಯ ಹಳ್ಳಿಗಳು ಬಹುಕಾಲ ಕತ್ತಲೆಯಲ್ಲಿಯೇ ಇದ್ದವು. ತಲೆಯ ಮೇಲೆ ಶಕ್ತಿ ಹರಿಯುತ್ತಿದ್ದರೂ ಗೂಡಿನಲ್ಲಿ ಹರಳೆಣ್ಣೆಯ ದೀಪವಿದ್ದ ಆ ಮನೆಗಳ ಚರಿತ್ರೆ ಇನ್ನೂ ಬರೆಯಲ್ಪಡಬೇಕಾಗಿದೆ.

ದೀಪ ಬಂದಲ್ಲಿ ಹೊತ್ತಿನ ಎಣಿಕೆ ಬದಲಾಯಿತು. ‘ದೀಪ ಹಚ್ಚುವ ಹೊತ್ತು’ ಎಂಬುದು ಒಂದು ಕಾಲಮಾನವಾಗಿದ್ದಿತು. ಇರುಳ ಪಯಣಕ್ಕೆ ಹುಣ್ಣಿಮೆಯ ಆಸುಪಾಸನ್ನು ನೋಡುತ್ತಿದ್ದರು. ಮನೆಮಂದಿ ಅಂಗಳದಲ್ಲಿ ಕೂಡಿ ಬೆಳದಿಂಗಳೂಟ ಮಾಡುತ್ತಿದ್ದರು. ಬೀದಿಯ ದೀಪಗಳು ಅಂಗಡಿಯನ್ನೂ ಓದನ್ನೂ ಹೆಂಗಸರ ಓಡಾಟವನ್ನೂ ರಾತ್ರಿಯೊಳಕ್ಕೆ ವಿಸ್ತರಿಸಿದವು. ಜೊತೆಗೆ ಬೆಳದಿಂಗಳನ್ನು ಅನಾವಶ್ಯಕವನ್ನಾಗಿ ಮಾಡಿದವು. ಇತ್ತೀಚೆಗೆ ನಮ್ಮ ನಗರಗಳ ಬೀದಿಗಳಲ್ಲಿ ಸೋಡಿಯಂ ದೀಪದ ಹಳದಿ ಬೆಳಕು ಮರೆಯಾಗಿ ಎಲ್‌ಇಡಿಯ ಬಿಳಿಯ ಬೆಳಕು ಬಂದಿದೆ. ಒಂದು ತಲೆಮಾರು ಕಂಡ ರಾತ್ರಿಯ ಬಣ್ಣವೇ ಹೀಗೆ ಬದಲಾದರೂ ಅದನ್ನು ದಾಖಲಿಸಿಕೊಂಡವರು ವಿರಳ.

ಮೇಲಿನ ವಿವೇಚನೆಯಿಂದ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ ಕೆಲವು ಸೂಚನೆಗಳು ಒದಗುತ್ತವೆ. ಯಾವ ಸ್ಥಳವನ್ನು ನೋಡಿದರೂ ಹೊತ್ತನ್ನೂ, ಬೆಳಕು ಬಂದ ದಿಕ್ಕನ್ನೂ ಟಿಪ್ಪಣಿಯಲ್ಲಿ ಬರೆದುಕೊಳ್ಳತಕ್ಕದ್ದು. ಶಾಸನದ ಕಲ್ಲನ್ನು ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಮತ್ತೊಮ್ಮೆ ನೋಡದೆ ‘ಸವೆದಿದೆ’ ಎಂದು ಬರೆಯಕೂಡದು. ಹಳೆಯ ಮನೆಯನ್ನು ಅಳೆಯುವಾಗ ಕಿಟಕಿ ಬಾಗಿಲುಗಳ ಜೊತೆಗೆ ದೀಪದ ಗೂಡುಗಳನ್ನೂ ನಕಾಸೆಯಲ್ಲಿ ಗುರುತಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವಿದ್ಯುತ್ತಿಗೆ ಮುಂಚಿನ ಸಂಜೆಗಳನ್ನು ಕಂಡವರನ್ನು ಈಗಲೇ ವಿಚಾರಿಸಬೇಕು: ದೀಪ ಎಲ್ಲಿದ್ದಿತು, ಅದರ ಹತ್ತಿರ ಯಾರು ಕುಳಿತಿದ್ದರು, ಯಾರು ದೂರದಲ್ಲಿದ್ದರು? ಗೂಡುಗಳು ಸುಣ್ಣದಲ್ಲಿ ಮುಚ್ಚಿಹೋಗುತ್ತಿವೆ, ತೊಟ್ಟಿಗಳ ಮೇಲೆ ತಾರಸಿ ಬೀಳುತ್ತಿದೆ. ಕಂಡವರೋ ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಕಲ್ಲಿನ ಬರಹವಾದರೆ ಮತ್ತೊಂದು ಸಂಜೆಯ ಬಿಸಿಲಿಗೆ ಕಾದೀತು. ಈ ಸಾಕ್ಷ್ಯ ಕಾಯುವಂತಹುದಲ್ಲ.