ಪೇಪರ್ ಪ್ರಕಟಿಸಿದ ಮೇಲೆ ಪೇಟೆಂಟ್‌ಗೆ ಅರ್ಜಿ ಹಾಕಬಹುದೇ?

"ಮೊದಲು ಪೇಪರ್ ಬರಲಿ, ಪೇಟೆಂಟ್ ವಿಚಾರ ಆಮೇಲೆ ನೋಡೋಣ." ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನಾವು ಆಗಾಗ ಕೇಳುವ ಮಾತಿದು. ಹೀಗೆ ಮಾಡಿದರೆ ವರ್ಷಗಟ್ಟಲೆ ದುಡಿದು ಕಂಡುಕೊಂಡದ್ದರ ಮೇಲಿನ ಹಕ್ಕು ಕೈತಪ್ಪಬಹುದು. ಹಾಗಾದರೆ ಸರಿಯಾದ ಕ್ರಮ ಯಾವುದು?

ಪ್ರಕಟಣೆ ಏಕೆ ಅಡ್ಡಿಯಾಗುತ್ತದೆ?

ಪೇಟೆಂಟ್ ಸಿಗಬೇಕಾದರೆ ಆವಿಷ್ಕಾರ ಹೊಸದಾಗಿರಬೇಕು. ಅಂದರೆ ಅರ್ಜಿ ಹಾಕುವ ದಿನಕ್ಕೆ ಮುಂಚೆ ಅದು ಜಗತ್ತಿನ ಯಾವ ಭಾಗದಲ್ಲೂ ಬಹಿರಂಗವಾಗಿರಬಾರದು. ಬೇರೆಯವರು ಬಹಿರಂಗಪಡಿಸಿದರೆ ಮಾತ್ರ ತೊಂದರೆ ಎಂದು ಹಲವರು ತಿಳಿದಿದ್ದಾರೆ. ಆದರೆ ನಿಮ್ಮದೇ ಪೇಪರ್, ಗ್ರಂಥಾಲಯದಲ್ಲಿ ಎಲ್ಲರಿಗೂ ಸಿಗುವ ನಿಮ್ಮದೇ ಪ್ರಬಂಧ, ಕೆಲಸದ ವಿವರವೆಲ್ಲ ಇರುವ ಯೂಟ್ಯೂಬ್ ವಿಡಿಯೊ ಕೂಡ ನಿಮ್ಮ ಅರ್ಜಿಗೆ ಅಡ್ಡಿಯಾಗಬಹುದು.

ವಿನಾಯಿತಿ ಇಲ್ಲವೇ?

ಇದೆ, ಆದರೆ ಕಿರಿದು. ಭಾರತದ 1970ರ ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ಸರ್ಕಾರ ಅಧಿಸೂಚನೆ ಹೊರಡಿಸಿದ ವಸ್ತುಪ್ರದರ್ಶನದಲ್ಲಿ ತೋರಿಸಿದರೆ ಅಥವಾ ವಿದ್ವತ್ ಸಂಘವೊಂದರ ಸಭೆಯಲ್ಲಿ ಆವಿಷ್ಕಾರಕರೇ ಮಂಡಿಸಿದರೆ 12 ತಿಂಗಳೊಳಗೆ ಅರ್ಜಿ ಹಾಕಲು ಅವಕಾಶವಿದೆ. ಕಾಲೇಜಿನ ಎಲ್ಲ ಪ್ರದರ್ಶನಗಳೂ, ಎಲ್ಲ ಜರ್ನಲ್‌ಗಳೂ ಇದರಡಿ ಬರುವುದಿಲ್ಲ. ಅಮೆರಿಕದಲ್ಲಿ ಆವಿಷ್ಕಾರಕರು ತಾವೇ ಬಹಿರಂಗಪಡಿಸಿದ್ದಕ್ಕೆ ಒಂದು ವರ್ಷದ ರಿಯಾಯಿತಿ ಇದೆ. ಯುರೋಪಿನಲ್ಲಿ ಬಹುತೇಕ ಇಲ್ಲ.

ಹಾಗಾದರೆ ಪೇಪರ್ ಬರೆಯಲೇಬಾರದೇ?

ಖಂಡಿತ ಬರೆಯಬಹುದು. ಅರ್ಜಿ ಹಾಕಿದ ಮರುದಿನವೇ ಪ್ರಕಟಿಸಬಹುದು. ಇದಕ್ಕಾಗಿಯೇ ತಾತ್ಕಾಲಿಕ ಅರ್ಜಿ ಎಂಬ ವ್ಯವಸ್ಥೆ ಇದೆ. ಆವಿಷ್ಕಾರವನ್ನು ವಿವರಿಸಿ ಅದನ್ನು ಸಲ್ಲಿಸಿದರೆ ಆ ದಿನಾಂಕ ನಿಮ್ಮದಾಗುತ್ತದೆ. ಪೂರ್ಣ ವಿವರ ಕೊಡಲು 12 ತಿಂಗಳ ಸಮಯವಿರುತ್ತದೆ. ಆದರೆ ತಾತ್ಕಾಲಿಕ ಅರ್ಜಿಯಲ್ಲಿ ಬರೆದಷ್ಟಕ್ಕೇ ಆ ದಿನಾಂಕದ ರಕ್ಷಣೆ ಎಂಬುದು ನೆನಪಿರಲಿ.

ಇದಕ್ಕೆ ಗೂಗಲ್ ಒಳ್ಳೆಯ ಉದಾಹರಣೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲ್ಯಾರಿ ಪೇಜ್ ಅವರ 'ಪೇಜ್‌ರ‍್ಯಾಂಕ್' ವಿಧಾನಕ್ಕೆ 1997ರ ಜನವರಿ 10ರಂದು ತಾತ್ಕಾಲಿಕ ಅರ್ಜಿ ಸಲ್ಲಿಕೆಯಾಯಿತು. ವರ್ಷ ತುಂಬಲು ಒಂದೇ ದಿನ ಇರುವಾಗ, 1998ರ ಜನವರಿ 9ರಂದು ಪೂರ್ಣ ಅರ್ಜಿ ಹೋಯಿತು. ಗೂಗಲ್ ಬಗ್ಗೆ ಪೇಜ್ ಮತ್ತು ಸರ್ಗೆ ಬ್ರಿನ್ ಬರೆದ ಪ್ರಸಿದ್ಧ ಪೇಪರ್ ಸಮ್ಮೇಳನದಲ್ಲಿ ಮಂಡನೆಯಾದದ್ದು ಅದರ ನಂತರ, 1998ರ ಏಪ್ರಿಲ್‌ನಲ್ಲಿ. ಪೇಟೆಂಟ್ 2001ರಲ್ಲಿ ಸಿಕ್ಕಿತು.

ಪೇಟೆಂಟ್ ಬಂದರೆ ಹಣ ಬಂದಂತೆಯೇ?

ಇಲ್ಲ. ಪೇಟೆಂಟ್ ಎಂದರೆ ನಿಮ್ಮ ಅನುಮತಿ ಇಲ್ಲದೆ ಇತರರು ಅದನ್ನು ತಯಾರಿಸದಂತೆ, ಮಾರದಂತೆ ತಡೆಯುವ ಹಕ್ಕು ಅಷ್ಟೇ. ಅದೂ ಅರ್ಜಿಯ ದಿನದಿಂದ 20 ವರ್ಷ, ಪೇಟೆಂಟ್ ಕೊಟ್ಟ ದೇಶದಲ್ಲಿ ಮಾತ್ರ. ಹಣ ಬರಬೇಕಾದರೆ ಉದ್ಯಮವೊಂದು ಪರವಾನಗಿ ಪಡೆದು, ಪ್ರಯೋಗಾಲಯದ ಮಾದರಿಯನ್ನು ಮಾರುಕಟ್ಟೆಯ ಉತ್ಪನ್ನವಾಗಿಸಬೇಕು. ಇದೇ ತಂತ್ರಜ್ಞಾನ ವರ್ಗಾವಣೆ.

ಪೇಜ್‌ರ‍್ಯಾಂಕ್ ಪೇಟೆಂಟ್‌ನ ಒಡೆತನ ಸ್ಟ್ಯಾನ್‌ಫರ್ಡ್‌ನದ್ದಾಗಿತ್ತು. ಅದು ಗೂಗಲ್‌ಗೆ ಪರವಾನಗಿ ಕೊಟ್ಟು ಪ್ರತಿಯಾಗಿ 18 ಲಕ್ಷ ಷೇರು ಪಡೆಯಿತು. ಅವುಗಳ ಮಾರಾಟದಿಂದ 2005ರ ಹೊತ್ತಿಗೆ ಸುಮಾರು 33.6 ಕೋಟಿ ಡಾಲರ್ ಬಂತು. ಇಂಥ ಯಶಸ್ಸು ಅಪರೂಪ. ಪರವಾನಗಿಯೇ ಸಿಗದೆ ಕಪಾಟಿನಲ್ಲಿ ಉಳಿಯುವ ಪೇಟೆಂಟ್‌ಗಳೂ ಬಹಳ. ಇನ್ನೊಂದು ವಿಷಯ: ಬರೀ ಅಲ್ಗಾರಿದಮ್‌ಗೆ ಭಾರತದಲ್ಲಿ ಪೇಟೆಂಟ್ ಕೊಡುವುದಿಲ್ಲ.

ನೀವು ಏನು ಮಾಡಬೇಕು?

- ಪೇಪರ್ ಕಳಿಸುವ ಮುಂಚೆಯೇ ನಿಮ್ಮ ಮಾರ್ಗದರ್ಶಕರು ಮತ್ತು ಸಂಸ್ಥೆಯ ಬೌದ್ಧಿಕ ಆಸ್ತಿ ವಿಭಾಗದ ಜೊತೆ ಮಾತಾಡಿ.
- ಹಕ್ಕು ಯಾರದು, ಆದಾಯ ಹೇಗೆ ಹಂಚಿಕೆಯಾಗುತ್ತದೆ ಎಂದು ಸಂಸ್ಥೆಯ ನೀತಿಯಲ್ಲಿ ಓದಿಕೊಳ್ಳಿ.
- ಕಂಪನಿಗೆ ವಿವರ ತೋರಿಸುವುದಾದರೆ ಮೊದಲು ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಿ.
- ಶುಲ್ಕಕ್ಕೆ ಹೆದರಬೇಡಿ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಕಚೇರಿಯ ಶುಲ್ಕದಲ್ಲಿ ಶೇ. 80ರಷ್ಟು ರಿಯಾಯಿತಿ ಇದೆ. ಕರ್ನಾಟಕದವರು ಅರ್ಜಿ ಹಾಕಬೇಕಾದದ್ದು ಚೆನ್ನೈ ಕಚೇರಿಗೆ. ಆನ್‌ಲೈನ್‌ನಲ್ಲೇ ಸಲ್ಲಿಸಬಹುದು.

ಒಟ್ಟಿನಲ್ಲಿ, ಪೇಪರ್ ಮತ್ತು ಪೇಟೆಂಟ್ ಎರಡೂ ನಿಮ್ಮದಾಗಬಹುದು. ಅರ್ಜಿ ಮೊದಲು ಹೋಗಬೇಕು, ಅಷ್ಟೇ.